ಮಂಗಳವಾರದ ಪಾಳಿ

"ಟೋಕನ್ ಸಂಖ್ಯೆ ನಲವತ್ತೊಂದು" ಎಂದು ಯಂತ್ರದ ದನಿ ಮತ್ತೊಮ್ಮೆ ಕೂಗಿತು. ಯಾರೂ ಏಳಲಿಲ್ಲ. ಕ್ಯಾಶಿಯರ್ ಮುಂದಿನ ನಂಬರು ಒತ್ತಿದ. ಬ್ಯಾಂಕಿನ ದೇವದುರ್ಗ ಶಾಖೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸ್ವಪ್ನಾ ಸುತ್ತ ಕಣ್ಣಾಡಿಸಿದಳು. ಗೋಡೆಗೆ ಒರಗಿದ್ದ ಒಬ್ಬ ಮುದುಕಿಯ ಮುಷ್ಟಿಯಿಂದ ಟೋಕನ್ ಚೀಟಿಯ ತುದಿ ಇಣುಕುತ್ತಿತ್ತು. ಅವಳ ಕಣ್ಣು ಮಾತ್ರ ಬಾಗಿಲ ಮೇಲೆಯೇ ಇತ್ತು.

ಸ್ವಪ್ನಾ ರಾಯಚೂರಿನ ಪ್ರಾದೇಶಿಕ ಕಚೇರಿಯವಳು. ಯಾವ ಶಾಖೆಗೆ ಯಾವ ದಿನ ಎಷ್ಟು ಜನ ಬರುತ್ತಾರೆ, ಯಾಕೆ ಬರುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಜಾಲಾಡಿ, ಕೆಲಸ ಹಗುರಾಗುವ ದಾರಿ ಹುಡುಕುವುದು ಅವಳ ಕೆಲಸ. ಮಂಗಳವಾರ ಸ್ವಸಹಾಯ ಸಂಘದ ಹೆಂಗಸರು ಬಂದು ದೇವದುರ್ಗದಲ್ಲಿ ಪಾಳಿ ರಸ್ತೆಯವರೆಗೆ ಬೆಳೆಯುತ್ತಿದ್ದುದನ್ನು ಅವಳೇ ಕಂಡುಹಿಡಿದಿದ್ದಳು. ದೂರದ ಊರುಗಳಿಗೆ ಬ್ಯಾಂಕ್ ಮಿತ್ರರನ್ನು ಕಳಿಸಿ, ಮನೆ ಬಾಗಿಲಲ್ಲೇ ಮಷೀನಿನ ಮೇಲೆ ಹೆಬ್ಬೆರಳು ಒತ್ತಿಸಿಕೊಂಡು ವ್ಯವಹಾರ ಮುಗಿಸಬಹುದೆಂದು ಸೂಚಿಸಿದವಳೂ ಅವಳೇ. ಪಾಳಿ ಕರಗಿತು. ಅದನ್ನೇ ಮಾನ್ವಿ ಶಾಖೆಯಲ್ಲೂ ಮಾಡೋಣವೆಂದು ಅವಳ ಕಚೇರಿಯ ಮ್ಯಾನೇಜರ್ ವಿರೂಪಣ್ಣ ಹುರುಪಿನಲ್ಲಿದ್ದರು. ಒಂದು ಸಂಗತಿ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಮಂಗಳವಾರ ಬಂತೆಂದರೆ ಯಾರೋ ಟೋಕನ್ ತೆಗೆದುಕೊಂಡು, ಕರೆದಾಗ ಬಾರದೆ ಹೋಗುತ್ತಿದ್ದರು. ಯಂತ್ರ ಕೆಟ್ಟಿದೆಯೋ ಏನೋ ಎಂದು ನೋಡಲು ಅವಳು ಬೆಳಗಿನ ಬಸ್ಸಿಗೆ ಬಂದಿದ್ದಳು.

ಎದ್ದು ಹೋಗಿ ಮುದುಕಿಯ ಪಕ್ಕದಲ್ಲಿ ಕುಳಿತಳು.

"ಯವ್ವಾ, ನಿನ್ನ ನಂಬರ ಕೂಗಿದ್ರಲ್ಲ, ಕೇಳಿಸಲಿಲ್ಲೇನು?"

"ಕೇಳಿಸ್ತವ್ವಾ. ನನಗ ಕೆಲಸೇನಿಲ್ಲ. ಚೀಟಿ ಇಲ್ದ ಕುಂತ್ರ ಕಾವಲಿಯವ ಎಬ್ಬಿಸ್ತಾನ. ಅದಕ್ಕ ತಗೋತೀನಿ."

ಅವಳ ಹೆಸರು ಬೂದೆಮ್ಮ. ಮಗಳು ಮಲ್ಲೇಶ್ವರಿಯನ್ನು ಹೊಳೆದಂಡೆಯ ಊರಿಗೆ ಕೊಟ್ಟಿದ್ದಳು. ಕುರಿ ಹಂಚಿಕೊಳ್ಳುವಾಗ ಬೀಗರ ನಡುವೆ ಮಾತು ಬೆಳೆದು, ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯದಂತಾಗಿತ್ತು. ಆದರೆ ತಾಯಿ ಮಗಳಿಬ್ಬರೂ ತಮ್ಮತಮ್ಮ ಊರಿನ ಸಂಘದಲ್ಲಿದ್ದರು. ಎರಡೂ ಸಂಘದವರು ಬರುತ್ತಿದ್ದುದು ಮಂಗಳವಾರವೇ.

"ಪಾಳಿ ಎಷ್ಟು ಉದ್ದ ಇರ್ತಿತ್ತೋ ನಮಗ ಅಷ್ಟು ಛಲೋ ಇತ್ತು" ಎಂದಳು ಬೂದೆಮ್ಮ. "ಒಮ್ಮೊಮ್ಮೆ ಮಧ್ಯಾಹ್ನ ದಾಟ್ತಿತ್ತು. ಮಗಳು ನನ್ನ ತೊಡಿ ಮ್ಯಾಲ ತಲಿ ಇಟ್ಟು ಒಂದು ನಿದ್ದಿ ತಗೀತಿದ್ಳು. ಈಗ ಯಾರೋ ಪುಣ್ಯಾತ್ಮರು ಬ್ಯಾಂಕು ಮನಿಗೇ ಕಳಿಸ್ಯಾರ. ಮಂದಿಗೆ ಛಲೋ ಆತು, ಇಲ್ಲ ಅನ್ನಂಗಿಲ್ಲ. ಆಕಿಗೆ ಹೊರಗ ಬರಾಕ ನೆವ ಇಲ್ದಂಗ ಆತು."

ಸ್ವಪ್ನಾ ತನ್ನ ಕೊರಳಿನ ಗುರುತಿನ ಚೀಟಿಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು.

"ಫೋನಿನ್ಯಾಗ ಮಾತಾಡಂಗಿಲ್ಲೇನು?"

"ಫೋನು ಆಕಿ ಗಂಡನ ಕಿಸೇದಾಗ ಇರ್ತದ. ಬರಂಗಿಲ್ಲಂತ ಗೊತ್ತದವ್ವ ನನಗ. ಆದ್ರ ಮಂಗಳವಾರ ಮನ್ಯಾಗ ಕುಂದ್ರಾಕ ಆಗವಲ್ದು." ಬೂದೆಮ್ಮ ಅವಳತ್ತ ತಿರುಗಿದಳು. "ನಿಮ್ಮವ್ವ ಎಲ್ಲಿರ್ತಾಳ?"

"ಮಾನ್ವ್ಯಾಗ" ಎಂದಳು ಸ್ವಪ್ನಾ. ಆಮೇಲೆ ತಡೆದು, "ಮಾನ್ವ್ಯಾಗ ಇದ್ದಳು" ಎಂದಳು.

ಮುದುಕಿ ಸ್ವಪ್ನಾಳ ಮೊಣಕಾಲ ಮೇಲೆ ಕೈಯಿಟ್ಟು ಬಾಗಿಲು ನೋಡುತ್ತ ಕುಳಿತಳು.

ಮರುದಿನ ಸ್ವಪ್ನಾ ಹೊಳೆದಂಡೆಯ ಊರಿನ ಬ್ಯಾಂಕ್ ಮಿತ್ರೆ ಅಲ್ಮಾಸ್‌ಗೆ ಫೋನು ಹಚ್ಚಿದಳು.

"ಮಲ್ಲೇಶ್ವರಿನಾ? ಗೊತ್ತದ ಮೇಡಂ" ಎಂದಳು ಅಲ್ಮಾಸ್. "ಮಷೀನಿಗೆ ಬೆರಳು ಹಚ್ಚಿದಾಗೆಲ್ಲ, ದೇವದುರ್ಗದಾಗ ನಮ್ಮವ್ವನ್ನ ನೋಡಿದ್ರೇನಂತ ಕೇಳ್ತಾಳ." ಆಮೇಲೆ ಅಲ್ಮಾಸ್ ಅಳೆದು ತೂಗಿ ಹೇಳಿದಳು: "ಒಂದೊಂದು ಸಲ ಬೆರಳು ಹತ್ತಂಗಿಲ್ಲ ನೋಡ್ರಿ. ಹಂಗಾದ್ರ ಬ್ಯಾಂಕಿಗೇ ಹೋಗಬೇಕಾಗ್ತದ."

"ಮಂಗಳವಾರ ಕಳಿಸಿದ್ರ ಛಲೋ" ಎಂದಷ್ಟೇ ಹೇಳಿ ಸ್ವಪ್ನಾ ಫೋನಿಟ್ಟಳು.

ಬೇಸಿಗೆ ಮುಗಿಯುವ ಹೊತ್ತಿಗೆ ವಿರೂಪಣ್ಣ ಅವಳನ್ನು ಕರೆಸಿದರು. ಕಂಪ್ಯೂಟರ್ ಪರದೆಯ ಮೇಲೆ ಹೊಳೆದಂಡೆಯ ಊರಿನ ಲೆಕ್ಕ ತೋರಿಸುವ ಗೆರೆ ಮೇಲಕ್ಕೆ ಏರುತ್ತ ಹೋಗಿತ್ತು.

"ಈ ಊರಾಗ ಬೆರಳು ಹತ್ತದವ್ರು ತಿಂಗಳಾ ಹೆಚ್ಚಾಗಾಕತ್ಯಾರ. ಎಲ್ಲಾ ಹೆಣ್ಣುಮಕ್ಕಳೇ. ಮಷೀನು ಬದಲಿಸಬೇಕೇನು?"

ಸ್ವಪ್ನಾಳಿಗೂ ಇದು ಹೊಸ ಸುದ್ದಿ. ಮಲ್ಲೇಶ್ವರಿ ಒಬ್ಬಳೇ ಅಂದುಕೊಂಡಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮಷೀನು ಛಲೋ ಅದ ಸರ್. ಅವರವ್ವಂದಿರು ಮಂಗಳವಾರ ದೇವದುರ್ಗಕ್ಕ ಬರ್ತಾರ."

ಬೂದೆಮ್ಮನ ಕತೆಯನ್ನು ಅವಳು ಪೂರ್ತಿ ಹೇಳಿದಳು. ಮಾನ್ವಿಯ ಯೋಜನೆ ಕೈತಪ್ಪಬಹುದು, ಅಲ್ಮಾಸ್‌ಳ ಕೆಲಸಕ್ಕೂ ಕುತ್ತು ಬರಬಹುದು ಎಂಬುದು ಅವಳಿಗೆ ಗೊತ್ತಿತ್ತು. ವಿರೂಪಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಹತ್ತಿ ಬಿಡಿಸೂ ಕೈ" ಎಂದರು. "ಬೆರಳು ಸವದಿರ್ತಾವ ಅಂತ ವರದ್ಯಾಗ ಬರಿ. ಮಾನ್ವಿದು ಇನ್ನೊಮ್ಮೆ ವಿಚಾರ ಮಾಡೂಣು."

ಮುಂದಿನ ಮಂಗಳವಾರ ಸ್ವಪ್ನಾ ರಜೆ ಹಾಕಿ ದೇವದುರ್ಗಕ್ಕೆ ಹೋದಳು. ಶಾಖೆಯ ಹೊರಗಿನ ಬೇವಿನ ನೆರಳಲ್ಲಿ ಹೆಂಗಸರು ಗುಂಪುಗುಂಪಾಗಿ ಕುಳಿತಿದ್ದರು. ಬೂದೆಮ್ಮನ ಎದುರಿಗೆ ಕುಳಿತಿದ್ದ, ಅವಳದೇ ಗದ್ದದ ಒಬ್ಬ ಹೆಂಗಸು ಏನೋ ಹೇಳಿ ನಗುತ್ತಿದ್ದಳು. ಬೂದೆಮ್ಮ ಸ್ವಪ್ನಾಳನ್ನು ಗುರುತಿಸಿ, ಸರಿದು ಜಾಗ ಮಾಡಿದಳು. ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ ಮುರಿದು, ಮೇಲೆ ಪುಂಡಿಪಲ್ಯ ಹಾಕಿ, ಮೊದಲು ಮಗಳಿಗೆ, ಆಮೇಲೆ ಸ್ವಪ್ನಾಳಿಗೆ ಕೊಟ್ಟಳು.

"ತಿನ್ನವ್ವಾ" ಎಂದಳು.

ರಸ್ತೆಯ ಮೂಲೆಯಲ್ಲಿ ಬಸ್ಸೊಂದು ನಿಂತಿತ್ತು. "ಮಾನ್ವಿ, ಮಾನ್ವಿ" ಎಂದು ಕಂಡಕ್ಟರ್ ಕೂಗುತ್ತಿದ್ದ. ಸ್ವಪ್ನಾ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು, ತನ್ನವ್ವ ಇದ್ದ ಊರಿನ ಆ ಬಸ್ಸು ಹೊರಟು ಕೂಗು ಕೇಳಿಸದಾಗುವವರೆಗೂ ಹಾಗೆಯೇ ಕುಳಿತಿದ್ದಳು.