ವರ್ಲೀನಮ್ಮನ ಹಳದಿ ಬಾವುಟ

ನೂರು ಸುತ್ತಿನ ರೇಸಿನಲ್ಲಿ ಐವತ್ತನೇ ಸುತ್ತು ಮುಗಿದದ್ದೇ ತಡ, ಬಾವುಟದವನು ಹಳದಿ ಬೀಸಿದ. ಅಲ್ಲಿಯವರೆಗೆ ಒಂದರ ಬಾಲಕ್ಕೊಂದು ಕಚ್ಚಿಕೊಂಡು ಓಡುತ್ತಿದ್ದ ಇಪ್ಪತ್ತೆರಡು ಕಾರುಗಳೂ ಗದರಿಸಿಕೊಂಡ ನಾಯಿಗಳ ಹಾಗೆ ವೇಗ ಇಳಿಸಿ ಸಾಲಾಗಿ ತೆವಳತೊಡಗಿದವು. ಧ್ವನಿವರ್ಧಕದಲ್ಲಿ ಸೋಫಾ ಅಂಗಡಿಯ ಜಾಹೀರಾತು ಶುರುವಾಯಿತು.

ಏಳನೇ ಸಾಲಿನಲ್ಲಿ ವರ್ಲೀನ್ ಸ್ಟಿಲ್ಟ್ನರ್ ಎದ್ದು ನಿಂತಳು. ವರ್ಜೀನಿಯಾದ ಆ ಬೆಟ್ಟದ ಸೀಮೆಯಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಲವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸಿದ ಗಂಟಲು ಅದು.

"ಯಾರು ಸತ್ರು ಅಂತ ನಿಲ್ಸಿದ್ರೋ?"

ಪಕ್ಕದಲ್ಲಿದ್ದ ಮೈದುನ ಹೋಬರ್ಟ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತಲೇ ಅವಳ ತೋಳು ಎಳೆದ. "ಕೂತ್ಕೊಳ್ಳಿ ಅತ್ತಿಗೆ. ಟೀವೀಲಿ ಬರೋ ದೊಡ್ಡ ರೇಸಲ್ಲೂ ನಡುವೆ ಹಿಂಗೇ ನಿಲ್ಸ್ತಾರಲ್ಲ."

"ಅದಕ್ಕೇ ಅಲ್ವೇನೋ ಟೀವಿ ಆರ್ಸಿ ಇಲ್ಲಿಗೆ ಬಂದಿದ್ದು! ವರ್ಷವೆಲ್ಲಾ ಓಡಿ ಗೆದ್ದವನ ಅಂಕ ಅಳಿಸಿ, ಕೊನೇಲಿ ನಾಲ್ಕು ಜನಾನ ಒಂದೇ ಗೆರೆ ಮೇಲೆ ನಿಲ್ಸ್ತಾರೆ. ಬೆಳಗ್ಗಿಂದ ಅಡುಗೆ ಮಾಡಿದೋಳು ಒಬ್ಳು, ಉಪ್ಪು ಉದುರಿಸಿದೋಳಿಗೆ ಬಹುಮಾನ! ಕಾರೋ, ಒಂದೇ ಅಚ್ಚಲ್ಲಿ ಹೊಯ್ದ ಇಟ್ಟಿಗೆ. ಸ್ಟಾಕ್ ಕಾರ್ ಅಂದ್ರೆ ಅಂಗಡೀಲಿ ಸಿಗೋ ಕಾರು ಕಣೋ. ನಿಮ್ಮಣ್ಣ ಶನಿವಾರ ಗೆದ್ದ ಕಾರಲ್ಲೇ ಭಾನುವಾರ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗ್ತಿದ್ರು. ಒಂದು ಕಡೆ ಬಾಗಿಲೇ ಇರ್ತಿರ್ಲಿಲ್ಲ!"

ಸುತ್ತಲಿನವರು ಗೊಳ್ಳೆಂದು ನಕ್ಕರು. ನಗದವನು ಒಬ್ಬನೇ, ಗಾರ್ಲೆಂಡ್ ರ‍್ಯಾಟ್ಲಿಫ್. ಕಳೆದ ವರ್ಷ ಮೈದಾನ ಕೊಂಡು, ದೊಡ್ಡ ರೇಸಿನವರನ್ನು ನೋಡಿ ಈ ನಡುವಿನ ವಿರಾಮ, ಅಂಕ ಅಳಿಸುವ ನಿಯಮ ಎರಡನ್ನೂ ತಂದವನು ಅವನೇ. ಬೇಸಿಗೆಯುದ್ದಕ್ಕೂ ಈ ಬೈಗುಳ ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು. ಈಗ ದಡದಡ ಮೆಟ್ಟಿಲು ಹತ್ತಿ ಬಂದ.

"ವರ್ಲೀನಮ್ಮಾ, ಕೂತ ಜಾಗದಿಂದ ರೇಸ್ ನಡ್ಸೋದು ಸುಲಭ. ಮುಂದಿನ ಭಾನುವಾರ ಬಾವುಟದವನಿಗೆ ಆಜ್ಞೆ ಕೊಡೋ ಗೋಪುರಕ್ಕೆ ನೀವೇ ಬನ್ನಿ. ವಿರಾಮ ಇಲ್ಲ. ಹಳದಿ ಯಾವಾಗ ಅಂತ ನೀವೇ ಹೇಳಿ. ನೋಡೇ ಬಿಡೋಣ."

"ಲೋ ಗಾರ್ಲೆಂಡ್, ನನ್ನ ಬಸ್ಸಲ್ಲಿ ಕಿಟಕಿ ಸೀಟಿಗೆ ಅಳ್ತಿದ್ದೋನು ನೀನು. ನಂಗೇ ಸವಾಲಾ? ಬರ್ತೀನಿ ಹೋಗು!"

ಸುದ್ದಿ ಊರೆಲ್ಲಾ ಹಬ್ಬಿತು. ಮುಂದಿನ ಭಾನುವಾರ ಚರ್ಚು ಬಿಟ್ಟ ಜನ ಊಟಕ್ಕೂ ನಿಲ್ಲದೆ ಬಂದು ಕೂತರು. ವರ್ಲೀನ್ ಗೋಪುರ ಹತ್ತಿದಳು; ಬಾವುಟದವನೊಂದಿಗೆ ಮಾತಾಡುವ ಮೈಕು ಬಾಯಿಯ ಮುಂದೆ, ಗಾರ್ಲೆಂಡ್ ಪಕ್ಕದಲ್ಲಿ. ಹಸಿರು ಬಾವುಟ ಹಾರಿತು. ಇಪ್ಪತ್ತೆರಡು ಎಂಜಿನ್ನುಗಳ ಗರ್ಜನೆಗೆ ಕಿಟಕಿಯ ಗಾಜು ನಡುಗಿತು, ಅವಳ ಎದೆಯೂ.

ಮೂವತ್ತನೇ ಸುತ್ತಿನಲ್ಲಿ ಟೈರಿನ ಚೂರೊಂದು ಗೋಡೆಯ ಬುಡಕ್ಕೆ ಬಿತ್ತು. "ಹಳದಿ?" ಎಂದ ಗಾರ್ಲೆಂಡ್.

"ಉಗುರಿನಷ್ಟು ರಬ್ಬರಿಗಾ? ಓಡ್ಲಿ!"

ಐವತ್ತು ಬಂತು, ಹೋಯಿತು. ಯಾರೂ ನಿಲ್ಲಲಿಲ್ಲ. ಆಗ ಶುರುವಾಯಿತು ನಿಜವಾದ ಆಟ. ಮೊದಲಿನಿಂದಲೂ ಮುನ್ನುಗ್ಗಿದ್ದ ಟ್ಯಾಂಡಿ ಮಲಿನ್ಸ್‌ನ ಕೆಂಪು ಕಾರಿನ ಟೈರು ಸವೆದು, ತಿರುವಿನಲ್ಲಿ ಹಿಂಭಾಗ ಜಾರತೊಡಗಿತು. ಹಿಂದೆ ಜಾಣತನದಿಂದ ಟೈರು ಉಳಿಸಿಕೊಂಡಿದ್ದ ರಾಯ್ಸ್ ವ್ಯಾನ್ಸ್‌ನ ನೀಲಿ ಕಾರು ಸುತ್ತಿಗೊಂದು ಗಜ ಹತ್ತಿರವಾಗುತ್ತಿತ್ತು. ಎಂಬತ್ತು. ತೊಂಬತ್ತು. ಜನ ಬೆಂಚಿನ ಮೇಲೆ ಎದ್ದು ನಿಂತರು. ವರ್ಲೀನ್ ಮೇಜು ಗುದ್ದುತ್ತಾ, "ನೋಡೋ! ವಿರಾಮ ಕೊಟ್ಟಿದ್ರೆ ಎಲ್ರೂ ಹೊಸ ಟೈರು ಹಾಕ್ಕೊಂಡು ಬಂದಿರೋರು. ಈ ಮಜಾ ಸಿಗ್ತಿತ್ತಾ?" ಎಂದಳು. ಗಾರ್ಲೆಂಡೂ ಕುರ್ಚಿ ಬಿಟ್ಟೆದ್ದಿದ್ದ.

ಎರಡು ಸುತ್ತು ಉಳಿದಿತ್ತು. ನೀಲಿ ಕಾರಿನ ಮೂಗು ಕೆಂಪಿನ ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ಆಚೆ ಬದಿಯ ತಿರುವಿನಲ್ಲಿ ಮುಂದಿನವರಿಗಿಂತ ಮೂರು ಸುತ್ತು ಹಿಂದಿದ್ದ ಎರ್ವಿನ್ ಕೋ ಎಂಬವನ ಕಾರು ಗಿರಗಿರನೆ ತಿರುಗಿ ರಸ್ತೆಗೆ ಅಡ್ಡ ನಿಂತಿತು. ಎಂಜಿನ್ ಸತ್ತಿತ್ತು. ಅವನು ಕೂತ ಕಡೆಯ ಬಾಗಿಲು ಬರುವ ಕಾರುಗಳಿಗೇ ಎದುರು. ಹೆಚ್ಚೆಂದರೆ ಹತ್ತು ಸೆಕೆಂಡು.

'ಓಡ್ಲಿ' ಎಂಬ ಮಾತು ವರ್ಲೀನಳ ನಾಲಿಗೆಯ ತುದಿಯಲ್ಲಿತ್ತು. ಪ್ರೇಕ್ಷಕರ ಬೆಂಚಿನಿಂದ ನಲವತ್ತು ವರ್ಷ ಕೂಗಿದ ಮಾತು. ಬಾಗಿಲ ಸಂದಿಯಲ್ಲಿ ಎರ್ವಿನ್‌ನ ಬಿಳಿ ಹೆಲ್ಮೆಟ್ಟು ಅತ್ತಿತ್ತ ಆಡುತ್ತಿತ್ತು.

"ಹಳದಿ!" ಎಂದು ಕಿರುಚಿದಳು. "ಹಳದಿ ಬೀಸೋ, ಈಗ್ಲೇ!"

ಹಳದಿ ಬಾವುಟ ಹಾರಿತು. ಟ್ಯಾಂಡಿ, ರಾಯ್ಸ್ ಇಬ್ಬರೂ ಬ್ರೇಕು ತುಳಿದು, ಎರ್ವಿನ್‌ನ ಕಾರನ್ನು ಕೂದಲೆಳೆಯ ಅಂತರದಲ್ಲಿ ಬಳಸಿ ಹೋದರು. ಕೆಳಗಡೆ ಸಾವಿರ ಗಂಟಲು ಒಟ್ಟಿಗೆ ಅವಳನ್ನು ಬೈದವು. ಎಲ್ಲಕ್ಕಿಂತ ಜೋರಾಗಿ ಹೋಬರ್ಟನ ದನಿ: "ಅತ್ತಿಗೇ! ಕನ್ನಡಕ ಮನೇಲಿ ಬಿಟ್ಟು ಬಂದ್ರಾ?"

"ಹೆಂಗಿದೆ ಮೇಲ್ಗಡೆ ಗಾಳಿ?" ಎಂದ ಗಾರ್ಲೆಂಡ್ ಮೆಲ್ಲಗೆ.

"ಬಾಯ್ಮುಚ್ಚೋ." ಅವಳು ಮೈಕನ್ನು ಪಕ್ಕಕ್ಕೆ ತಳ್ಳಿದಳು. "ಮನುಷ್ಯ ಸಿಕ್ಕಾಕೊಂಡಿದ್ರೆ ಹಳದಿ. ಸೋಫಾ ಮಾರೋಕಲ್ಲ. ನಾನು ಹೇಳಿದ್ದೂ ಅಷ್ಟೇ."

ಎರ್ವಿನ್‌ನ ಕಾರನ್ನು ಎಳೆದು ಹಾಕಿದರು. ಹಳದಿ ಇದ್ದಾಗಿನ ಸುತ್ತು ಲೆಕ್ಕಕ್ಕಿಲ್ಲ, ಉಳಿದದ್ದು ಎರಡೇ. ಕೆಂಪು ನೀಲಿ ಅಕ್ಕಪಕ್ಕ ನಿಂತು ಹಸಿರಿಗೆ ಹಾರಿದವು. ಒಂದನೇ ತಿರುವಿನಲ್ಲಿ ಟ್ಯಾಂಡಿ ಮುಂದೆ, ಮೂರರಲ್ಲಿ ರಾಯ್ಸ್. ಕೊನೆಯ ಸುತ್ತಿನಲ್ಲಿ ಎರಡರ ಮೈಯೂ ಉಜ್ಜಿ ಕಿಡಿ ಹಾರಿತು, ಟೈರು ಹೊಗೆಯಾಡಿತು, ಆದರೂ ಇಬ್ಬರಲ್ಲಿ ಯಾರೂ ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ಗೆರೆ ದಾಟುವಾಗ ನೀಲಿಯ ಮೂಗು ಒಂದು ಗೇಣು ಮುಂದಿತ್ತು.

ಆ ಕ್ಷಣದಲ್ಲಿ ಬೈಯುತ್ತಿದ್ದವರು ಯಾರು, ಕುಣಿಯುತ್ತಿದ್ದವರು ಯಾರು ಎಂದು ಯಾರಿಗೂ ತಿಳಿಯದಾಯಿತು. ವರ್ಲೀನ್ ಗಾರ್ಲೆಂಡನ ಟೋಪಿ ಕಿತ್ತು ಕಿಟಕಿಯಾಚೆ ಎಸೆದಳು. ಅವನು ಟೋಪಿಯ ಗೊಡವೆಗೇ ಹೋಗಲಿಲ್ಲ. "ವಿರಾಮ ತೆಗ್ದು ಬಿಡ್ತೀನಮ್ಮಾ," ಎಂದ, ಉಸಿರು ಕಟ್ಟಿದವನಂತೆ. "ಇಂಥ ರೇಸು ನಾನು ನೋಡೇ ಇರ್ಲಿಲ್ಲ."

"ಅಂಕ ಅಳ್ಸೋದು?"

"ಒಂದೊಂದಾಗಿ, ತಾಯಿ!"

ಕೆಳಗಿಳಿದರೆ ಮೆಟ್ಟಿಲ ಬುಡದಲ್ಲಿ ಎರ್ವಿನ್ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಕಾದಿದ್ದ. ಮುಖ ಇನ್ನೂ ಸುಣ್ಣದಂತೆ ಬೆಳ್ಳಗಿತ್ತು. "ನಿಮ್ಮಿಂದ ಬದುಕ್ದೆ ವರ್ಲೀನಮ್ಮಾ," ಎಂದ.

ಅವಳು ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದಳು. "ಅದಿರ್ಲಿ ಎರ್ವಿನ್," ಎಂದಳು, "ಮೂರು ಸುತ್ತು ಹಿಂದಿದ್ಯಲ್ಲೋ. ಒಂಚೂರು ಬದಿಗೆ ಸರಿದು ಓಡೋಕೇನು ಧಾಡಿ?"