ಕೊಳಾಯಿಯ ಕೊರಳಿನ ರಿಬ್ಬನ್ನು

ಒಂದೂರಲ್ಲಿ ಒಬ್ಬ ರಾಣಿ ಇದ್ದಳಂತೆ, ಅವಳಿಗೆ ರಾಜ್ಯ ಇರಲಿಲ್ಲವಂತೆ, ಒಂದು ಕತ್ತರಿ ಮಾತ್ರ ಇತ್ತಂತೆ — ಹೂಂ ಅನ್ನಬೇಕು, ಅನ್ನದಿದ್ದರೆ ಅಜ್ಜಿ ಕಥೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು — ಹೂಂ ಅಂದಳು ರಾಜ್ಯಪಾಲರ ಹೆಂಡತಿ, ಮನಸ್ಸಿನೊಳಗೇ, ತುಟಿ ಅಲುಗಿಸದೆ, ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯ ಕೊಳಾಯಿಯ ಮುಂದೆ ನಿಂತು, ಕಣ್ಣು ಮಾತ್ರ ಅದರ ಕೊರಳಿಗೆ ಗಂಟುಬಿದ್ದು ಉಳಿದ ರಿಬ್ಬನ್ನಿನ ಚೂರಿನ ಮೇಲೆ, ಒಂದು ಕಾಲಕ್ಕೆ ಕೆಂಪಗಿದ್ದದ್ದು, ಈಗ ಬಿಸಿಲು ತಿಂದು ತಿಂದು ಒಣ ಈರುಳ್ಳಿ ಸಿಪ್ಪೆಯ ಬಣ್ಣ. ಕೆಳಗೆ ಎಂಜಿನಿಯರು ವಾಲ್ವು ತಿರುಗಿಸೋಕೆ ಹೋಗಿದ್ದಾರೆ, ಐದೇ ನಿಮಿಷ ಮೇಡಂ ಅಂದವರು, ಹತ್ತಾಯಿತು, ಕೊಳಾಯಿ ಪೂರ್ತಿ ತಿರುಗಿಸಿಟ್ಟಿದೆ, ಅದರ ಬಾಯಿಂದ ಗಾಳಿಯೂ ಬಂದಿಲ್ಲ, ಬೆನ್ನ ಹಿಂದೆ ಶಿಷ್ಟಾಚಾರದ ಅಧಿಕಾರಿ — ಅವಳ ಮನಸ್ಸಿನಲ್ಲಿ ಅವರ ಹೆಸರು ಗಡಿಯಾರಪ್ಪ — ಗಂಟಲು ಸರಿಮಾಡಿಕೊಳ್ಳುತ್ತಾರೆ, ಮೇಡಂ, ಸಾಹೇಬರು ಕಾರಲ್ಲಿ ಕೂತಾಯ್ತು, ಹನ್ನೆರಡಕ್ಕೆ ರೈಲು. ಹೌದು, ಇವತ್ತಿಗೆ ಗಂಡನ ಅವಧಿ ಮುಗಿಯಿತು, ಪೆಟ್ಟಿಗೆಗಳು ಮುಂದೆ ಹೋಗಿವೆ, ಸಂಜೆಗೆ ಆ ದೊಡ್ಡ ಮನೆಗೆ ಬೇರೆ ರಾಜ್ಯಪಾಲರು, ಬೇರೆ ಹೆಂಡತಿ, ಅದೇ ಕತ್ತರಿ, ಈಗ ಬಾರದಿದ್ದರೆ ಈ ನೀರಿಗೆ ಇನ್ನು ಹೇಳೋರು ಕೇಳೋರಿಲ್ಲ, ತಾನು ಕೊಟ್ಟ ಮಾತೂ ತನ್ನ ಜೊತೆಗೇ ರೈಲು ಹತ್ತುತ್ತದೆ. ಇನ್ನೊಂದು ಸ್ವಲ್ಪ, ಅಂದಳು. ಪಕ್ಕದಲ್ಲಿ ವಾರ್ಡಿನ ಆಯಾ, ಖಾಲಿ ಬಕೆಟ್ಟನ್ನು ಸೊಂಟಕ್ಕೆ ಒತ್ತಿಕೊಂಡು, ಬಾಯಿ ಮಾತ್ರ ಸುಮ್ಮನಿಲ್ಲ, ಹೆರಿಗೆ ಥರಾನೇ ಕಣ್ರಮ್ಮ ಇದೂನೂ, ಅವಸರ ಮಾಡಿದ್ರೆ ಆಗತ್ತಾ, ಬರತ್ತೆ ಬಿಡಿ.

ಕತ್ತರಿ — ಮೊದಲ ಸಲ ಹಿಡಿದದ್ದೂ ಇಲ್ಲೇ, ಮೂರು ವರ್ಷದ ಹಿಂದೆ, ತಟ್ಟೆಯಲ್ಲಿ ಮಖಮಲ್ಲು, ಮಖಮಲ್ಲಿನ ಮೇಲೆ ಕತ್ತರಿ, ರಿಬ್ಬನ್ನು ಒಂದೇ ಏಟಿಗೆ ತುಂಡಾಗಲಿಲ್ಲ, ಇಲಿ ಕಡಿದ ಹಾಗೆ ಕತ್ತರಿಸಿದಳು, ಚೂರೊಂದು ಕೊಳಾಯಿಗೇ ಉಳಿದುಹೋಯಿತು, ನೀರು ಬಂತು, ಚಪ್ಪಾಳೆ, ಈ ಕಡೆ ನೋಡಿ ಮೇಡಂ, ಗೋಡೆಯ ಕಲ್ಲಿನಲ್ಲಿ ಅವಳ ಹೆಸರು, ಅಜ್ಜಿಯ ಕಥೆಯಲ್ಲಿ ರಾಣಿ ಕಾಲಿಟ್ಟಲ್ಲೆಲ್ಲ ಬುಗ್ಗೆ ಏಳುತ್ತಿತ್ತಲ್ಲ, ಹಾಗೇ ಅನ್ನಿಸಿತ್ತು ಅವತ್ತು, ಪೆದ್ದಿ. ಎರಡು ತಿಂಗಳಾದ ಮೇಲೆ ಅಡುಗೆಯವಳ ಮಗಳು ಹೆತ್ತಳು ಅಂತ ನೋಡಲು ಬಂದಾಗ, ಮನೆಯಲ್ಲಿ ಉಡುವ ಬಟ್ಟೆ, ಹಿಂದೆ ಮುಂದೆ ಯಾರೂ ಇಲ್ಲ, ಬಾಯಾರಿ ಇದೇ ಕೊಳಾಯಿ ತಿರುಗಿಸಿದರೆ ಕಿರ್ರ್ ಅನ್ನುವ ಸದ್ದು ಬಿಟ್ಟು ಬೇರೇನಿಲ್ಲ, ಕಲ್ಲಿನ ಮೇಲೆ, ಅವಳ ಹೆಸರಿನ ಮೇಲೆ, ಕೂಸುಗಳ ಬಟ್ಟೆ ಒಣಹಾಕಿದೆ, ಮೆಟ್ಟಿಲು ಹತ್ತಿ ಬಂದ ಈ ಆಯಾ ಎರಡು ಬಕೆಟ್ಟು ಇಳಿಸಿ ಉಸ್ಸಪ್ಪಾ ಅಂದು, ಅದನ್ಯಾಕೆ ತಿರುಗಿಸ್ತೀಯ ತಾಯಿ, ಅದು ನೀರಿಗೆ ಇಟ್ಟಿರೋ ಕೊಳಾಯಿ ಅಲ್ಲ, ಫೋಟೋಗೆ ಇಟ್ಟಿರೋದು, ಅವತ್ತು ಬಂದದ್ದು ನಾವೇ ಹೊತ್ಕೊಂಡ್ಹೋಗಿ ತಾರಸಿ ಮೇಲಿನ ಡ್ರಮ್ಮಿಗೆ ಸುರಿದ ನೀರು, ಸೊಂಟ ಬಿದ್ದುಹೋಯ್ತು, ಇವಳ್ಯಾರೋ ಬಂದ್ಳು, ಕಚಕ್ ಅನ್ನಿಸಿದ್ಳು, ಹಲ್ಲು ಕಿರಿದ್ಳು, ಹೋದ್ಳು — ಬಟ್ಟೆ ಸರಿಸಿ ಆಯಾ ಹೆಸರಿನ ಮೇಲೆ ಬೆರಳಿಟ್ಟಾಗ ಕಿವಿಯ ತುದಿಯವರೆಗೆ ಏರಿದ ಬಿಸಿ ಈಗಲೂ ಏರುತ್ತದೆ, ಅವಳು ನಾನೇ, ಅಂದಿದ್ದಳು, ಆಯಾ ಒಂದು ಗಳಿಗೆ ದಿಟ್ಟಿಸಿ, ಅಯ್ಯೋ, ಫೋಟೋದಲ್ಲಿ ಬೆಳ್ಳಗಿದ್ರಲ್ಲ! — ಆಮೇಲೆ ನಗು, ಇಬ್ಬರಿಗೂ, ತಡೆಯಲಾರದ ನಗು, ನಗುತ್ತಲೇ ಕೊಟ್ಟ ಮಾತು, ಇಲ್ಲಿ ನೀರು ಬರೋವರೆಗೂ ನಾನು ಈ ಊರು ಬಿಡಲ್ಲ. ಬಟ್ಟೆ ತೆಗೀಲಾ ಹೆಸರಿನ ಮೇಲಿಂದ? ಬೇಡ, ನೀರು ಬರೋವರೆಗೂ ಅಲ್ಲೇ ಒಣಗಲಿ.

ಆದರೆ ಕೈಯಲ್ಲೇನಿದೆ, ಹುದ್ದೆ ಇಲ್ಲ, ಸಹಿಗೆ ತೂಕ ಇಲ್ಲ, ಆಸ್ಪತ್ರೆಯವರು ಇದು ಕಟ್ಟಡದವರ ಕೆಲಸ ಅಂದರು, ಕಟ್ಟಡದವರು ನೀರಿನ ಇಲಾಖೆ ಅಂದರು, ನೀರಿನವರು ನಕ್ಷೆ ಹರಡಿ, ಪೈಪು ಮೂರನೇ ಮಹಡಿ ಮುಟ್ಟಿದೆ ನೋಡಿ ಮೇಡಂ, ಅಂತ ನೀಲಿ ಗೆರೆ ತೋರಿಸಿದರು, ಗಂಡ ಪತ್ರಿಕೆಯ ಹಿಂದಿನಿಂದ, ರಾಜ್ಯಪಾಲ ನಾನು ಕಣೇ, ನೀನಲ್ಲ, ಯಾರಿಗೂ ಆಜ್ಞೆ ಮಾಡೋ ಹಾಗಿಲ್ಲ, ಗೊತ್ತು ರೀ, ಕರೆಯೋ ಹಾಗಿದೆಯಲ್ಲ — ಅದೇ, ಹಾಗೆ ಅನ್ನುತ್ತಲೇ ಹೊಳೆದುಬಿಟ್ಟಿತ್ತು, ರಾಜ್ಯಪಾಲರ ಹೆಂಡತಿ ಚಹಾಕ್ಕೆ ಕರೆದರೆ ಬರಲ್ಲ ಅನ್ನುವ ಅಧಿಕಾರಿ ಇನ್ನೂ ಹುಟ್ಟಿಲ್ಲ, ಚಿನ್ನದಂಚಿನ ಕಾರ್ಡು, ಪ್ರತಿ ಮಂಗಳವಾರ ಹತ್ತೂವರೆಗೆ, ಸ್ಥಳ ಹೆರಿಗೆ ಆಸ್ಪತ್ರೆ, ಮೂರನೇ ಮಹಡಿ, ಕೊಳಾಯಿಯ ಎದುರು. ಗಡಿಯಾರಪ್ಪ ಬೆವರೊರೆಸುತ್ತಾ, ಶಿಷ್ಟಾಚಾರದಲ್ಲಿ ಇಂಥದ್ದು ಇಲ್ಲ ಮೇಡಂ, ಕೂಡದು ಅಂತ ಬರೆದಿದೆಯಾ, ಬರೆದಿಲ್ಲ ಮೇಡಂ, ಹಾಗಾದ್ರೆ ಕಾರ್ಡು ಕಳಿಸಿ. ಮೂರೂ ಇಲಾಖೆಗಳು ಒಂದೇ ಬೆಂಚಿನಲ್ಲಿ ತೊಡೆಗೆ ತೊಡೆ ತಾಗಿಸಿ ಚಹಾ ಕುಡಿದವು, ಕಪ್ಪು ತೊಳೆಯಬೇಕಲ್ಲ, ನೀರು? ಕೆಳಗಿದೆ ಸಾರ್, ಅರವತ್ತೆಂಟೇ ಮೆಟ್ಟಿಲು, ಅಂತ ಆಯಾ ಎಷ್ಟು ವಿನಯದಿಂದ ಬಕೆಟ್ಟು ಮುಂದಿಡುತ್ತಿದ್ದಳು, ಮೂರನೇ ಮಂಗಳವಾರ ನೀರಿನ ಇಲಾಖೆಯ ಎಂಜಿನಿಯರು ಕೋಟು ಬಿಚ್ಚಿ ತಾವೇ ಹೊತ್ತರು, ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ಗೋಡೆಗೆ ಒರಗಿದಾಗ ಕಂಡಿತು, ಪೈಪು ಅಲ್ಲೇ ಮುಗಿದಿತ್ತು, ಬಾಯಿಗೆ ಮರದ ಬೆಣೆ, ಮೇಲಿನದೆಲ್ಲ ನಕ್ಷೆಯ ನೀಲಿ ಗೆರೆ, ಅಷ್ಟೇ. ಅಲ್ಲಿಂದ ಅವಳೂ ಹಳೆಯವಳಾಗಿ ಉಳಿಯಲಿಲ್ಲ, ಒಂದು ಬಸ್ಸು ಬರೋವರೆಗೆ ಕೂತು ನೋಡದೆ ತಂಗುದಾಣಕ್ಕೆ ಕತ್ತರಿ ಹಾಕಲಿಲ್ಲ, ಒಂದು ಪುಸ್ತಕ ತೆಗೆಸಿ ಓದದೆ ಗ್ರಂಥಾಲಯ ತೆರೆಯಲಿಲ್ಲ, ಪತ್ರಿಕೆಯವರು ಪರೀಕ್ಷೆ ಅಮ್ಮ ಅಂತ ಹೆಸರಿಟ್ಟರು, ಅಮ್ಮ ಬರ್ತಾಳೆ ಅಂದರೆ ಹಿಂದಿನ ದಿನವೇ ಕೆಟ್ಟ ದೀಪ ಉರಿಯುತ್ತಿತ್ತು, ಮುಚ್ಚದ ಬಾಗಿಲು ಮುಚ್ಚುತ್ತಿತ್ತು, ಬೀಳದ ಚಿಲಕ ಬೀಳುತ್ತಿತ್ತು, ಇಷ್ಟೆಲ್ಲ ಆಯಿತು, ಇದೊಂದು ಮಾತ್ರ, ಗೋಡೆ ಒಡೆಯಲು ಅನುಮತಿ, ಪಂಪಿಗೆ ಶಕ್ತಿ ಸಾಲದು, ಹೊಸ ಪಂಪು, ಮತ್ತೆ ಅನುಮತಿ, ನೂರು ಮಂಗಳವಾರ ದಾಟಿತು, ಕೊನೆಯ ಜೋಡಣೆ ಮುಗಿದದ್ದು ನಿನ್ನೆ, ಮೇಡಂ, ರೈಲು, ಅಂತ ಮತ್ತೆ ಗಡಿಯಾರಪ್ಪ, ಗೊತ್ತು, ಆ ಒಣ ಚೂರು, ಆ ಗಂಟು, ಗೊತ್ತು —

ಗೋಡೆಯೊಳಗೆ ಯಾರೋ ಕೆಮ್ಮಿದ ಹಾಗೆ. ಮತ್ತೆ. ಕೊಳಾಯಿ ಗಡಗಡ ನಡುಗಿತು, ಫುಸ್ ಅಂತ ಗಾಳಿ, ಒಂದು ಗುಟುಕು ಕಂದು ನೀರು, ನಿಂತೇಹೋಯಿತು, ಅಯ್ಯೋ ಅಂದದ್ದು ಯಾರು, ಗಡಿಯಾರಪ್ಪ! — ಆಮೇಲೆ ಧೋ ಅಂತ, ಕಂದು, ಮಬ್ಬು, ತಿಳಿ, ತಿಳಿ, ಆಯಾ ಒಡ್ಡಿದ ಬಕೆಟ್ಟಿನ ತಳಕ್ಕೆ ಬಡಿದು ಇಡೀ ಮಹಡಿ ಮೊಳಗುತ್ತದೆ, ಬಾಣಂತಿಯರು ಕೂಸು ಎತ್ತಿಕೊಂಡೇ ಬಾಗಿಲಿಗೆ, ಅರವತ್ತೆಂಟು ಮೆಟ್ಟಿಲು ಓಡಿ ಹತ್ತಿದ ಎಂಜಿನಿಯರು, ಬಂತಾ, ಬಂತಾ, ಬಂತು ಸಾರ್, ಗಂಡುಮಗು, ಅಂತ ಆಯಾ, ತಟ್ಟೆ ಇಲ್ಲ, ಮಖಮಲ್ಲು ಇಲ್ಲ, ಗಡಿಯಾರಪ್ಪ ಕೈಗಡಿಯಾರ ಮರೆತು ಚಪ್ಪಾಳೆ ತಟ್ಟುತ್ತಿದ್ದಾರೆ, ಆಯಾ ಒದ್ದೆ ಕೈಯಲ್ಲೇ ಕಲ್ಲಿನ ಮೇಲಿನ ಬಟ್ಟೆಗಳನ್ನು ಒಂದೊಂದೇ ತೆಗೆಯುತ್ತಾ, ಈಗ ಮುಖ ತೋರಿಸಿ ತಾಯಿ, ಇವಳು ಬೊಗಸೆ ಒಡ್ಡಿ ಕುಡಿದಳು, ಪರೀಕ್ಷೆ ಅಮ್ಮನಲ್ಲವೇ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಹೊಸ ಕಬ್ಬಿಣದ ರುಚಿ, ಹೊರಡಬಹುದು ಇನ್ನು, ಯಾವ ರೈಲಾದರೂ ಹತ್ತಬಹುದು, ಅಜ್ಜೀ, ಕೇಳ್ತಿದ್ದೀಯಾ, ಹೂಂ ಅನ್ನೋದು ಈಗ ನಿನ್ನ ಸರದಿ, ಆ ರಾಣಿಗೆ ರಾಜ್ಯ ಇರಲಿಲ್ಲವಂತೆ, ಆದರೂ — ಸಿಡಿದ ನೀರಿಗೆ ಕೊಳಾಯಿಯ ಕೊರಳೆಲ್ಲ ತೊಯ್ದಿತ್ತು, ಈರುಳ್ಳಿ ಸಿಪ್ಪೆಯ ಬಣ್ಣದ ಆ ಚೂರು ನೀರು ಹೀರುತ್ತಾ ಹೀರುತ್ತಾ, ಅವಳ ಕಣ್ಣೆದುರೇ, ಮತ್ತೆ ಕೆಂಪಗಾಗುತ್ತಿತ್ತು.