ಐವತ್ತು ಮಣಿಯ ತಾಳ್ಮೆ

ಸಿಳ್ಳೆ ಬೇರೆ ಹಾಕುತ್ತಾನೆ, ಬೀದಿಯ ಗಾಡಿಕುದುರೆಗಳೆಲ್ಲ ಕಿವಿ ನಿಮಿರಿಸಬೇಕು ಹಾಗೆ, ಮೂಗಿನ ಹೊಳ್ಳೆಯಲ್ಲಿ ಇನ್ನೂ ಮೇಣದಬತ್ತಿಯ ಮಸಿ, ಕೋಟಿನ ಗುಂಡಿ ಹಾಕಿಲ್ಲ, ಸಿಳ್ಳೆಗೇನೂ ಕಮ್ಮಿಯಿಲ್ಲ — ಕೆಳಗೆ ನದಿಯ ತಳದ ಕೆಲಸದಲ್ಲಿ ಸಿಳ್ಳೆ ಬರುವುದಿಲ್ಲವಂತೆ, ಒತ್ತಿ ತುಂಬಿದ ಆ ಗಾಳಿಯಲ್ಲಿ ತುಟಿ ಎಷ್ಟು ಚೂಪು ಮಾಡಿದರೂ ಬರೀ ಉಸಿರು, ಅದಕ್ಕೇ ಮೇಲೆ ಬಂದ ಗಂಡಸರೆಲ್ಲ ಮೊದಲು ಸಿಳ್ಳೆ ಹಾಕಿ ನೋಡುವುದು, ಬದುಕಿದ್ದೇವೆ ಅಂತ ಊರಿಗೆ ಡಂಗುರ. ಹನೋರಾಗೆ ಮೈಯೆಲ್ಲ ಉರಿಯಿತು. ಗಂಡನ ಖಾಲಿ ಊಟದ ಡಬ್ಬಿ ಅವಳ ಕಂಕುಳಲ್ಲಿ, ಗಂಡ ಫಿಂಟನ್ ಎರಡು ಹೆಜ್ಜೆ ಹಿಂದೆ, ದಿನವೂ ಮುಂದೆ ನಡೆಯುವವನು ಇವತ್ತು ಯಾಕೋ ಹಿಂದೆ, ಯಾರಾದರೂ ಹೆಂಗಸು ಕಂಡಳೇನೋ. ಸೇತುವೆಯಂತೆ ಸೇತುವೆ, ಎರಡು ವರ್ಷ ದಾಟಿತು, ನದಿಯ ಮೇಲೆ ಒಂದು ತಂತಿಯಿಲ್ಲ, ತಂತಿಯಿಂದ ರಸ್ತೆ ನೇತುಹಾಕುತ್ತಾರಂತೆ, ಬ್ರೂಕ್ಲಿನ್‌ನಿಂದ ನ್ಯೂಯಾರ್ಕಿಗೆ ಕಾಲು ನೆನೆಯದೆ ಬರಬಹುದಂತೆ, ದೋಣಿಗೇನು ರೋಗ ಬಂದಿತ್ತು. ಮೊದಲು ಗೋಪುರ ಏಳಬೇಕಲ್ಲ, ಗೋಪುರವೋ ಏಳುವ ಬದಲು ಇಳಿಯುತ್ತದೆ — ನದಿಯ ತಳಕ್ಕೆ ಬೋರಲು ಹಾಕಿದ, ಬೀದಿಯಷ್ಟು ದೊಡ್ಡ ಮರದ ಪೆಟ್ಟಿಗೆ, ಒಳಗೆ ಇವನಂಥವರು ಕೆಸರು ತೋಡುತ್ತಾರೆ, ಮೇಲೆ ಇನ್ನೊಬ್ಬರು ಕಲ್ಲು ಹೇರುತ್ತಾರೆ, ಕಟ್ಟಿದಷ್ಟೂ ಕೆಳಗೆ ಹೋಗುತ್ತದೆ, ಇಂಥ ಕಟ್ಟೋಣವನ್ನು ಯಾರಾದರೂ ಕಂಡಿದ್ದುಂಟೇ. ಆಚೆ ದಡದಲ್ಲಿ ನಲವತ್ತನಾಲ್ಕು ಅಡಿಗೇ ಗಟ್ಟಿ ನೆಲ ಸಿಕ್ಕಿತು, ನಮ್ಮ ದಡದಲ್ಲಿ ಎಪ್ಪತ್ತು ದಾಟಿದರೂ ಮರಳು, ನಮ್ಮ ಹಣೆಬರಹವೇ ಇಷ್ಟು.

ಆಳ ಹೆಚ್ಚಿದಷ್ಟೂ ನೀರು ತಡೆಯಲು ಒಳಗೆ ಒತ್ತುವ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ನೋವು, ಮೇಲೆ ಬಂದ ಅರ್ಧ ಗಂಟೆಗೆ ಮೊಣಕೈ ಮೊಣಕಾಲು ಹಿಡಿದು ಬಗ್ಗಿಸಿಬಿಡುತ್ತದೆ, ಈ ಗಂಡಸರಿಗೆ ಅದೂ ತಮಾಷೆ, ಏನಪ್ಪಾ, ಪೇಟೆ ದೊರೆಸಾನಿ ಥರ ಸೊಂಟ ಬಳುಕಿಸ್ಕೊಂಡ್ ಬರ್ತಿದ್ದೀಯಾ ಅಂತ ನಗುತ್ತಾರೆ, ಹೋದ ವಾರ ಹಾಗೆ ನಗಿಸಿದವನನ್ನೇ ಭಾನುವಾರ ಮಣ್ಣು ಮಾಡಿ ಬಂದರು. ಇವನ ಮದ್ದು ಬೇರೆ ಇದೆ, ಕೆಳಗೆ ಹೋದರೆ ನೋವು ಹೋಗುತ್ತದೆ, ಹೌದು, ಹೋಗುತ್ತದೆ, ಮೇಲೆ ಬಂದರೆ ಎರಡರಷ್ಟಾಗಿ ಬರುತ್ತದೆ, ಕುಡುಕ ಬೆಳಿಗ್ಗೆ ಎದ್ದು ಮತ್ತೆ ಕುಡಿದ ಹಾಗೆ. ಡಾಕ್ಟರು ಬಾಯಿ ಬಿಟ್ಟು ಹೇಳಿದ್ದಾರೆ, ಮೇಲೆ ಬರುವಾಗ ದಾರಿಯಲ್ಲಿರುವ ಆ ಕಬ್ಬಿಣದ ಕೋಣೆಯಲ್ಲಿ ಕೂತು ಗಾಳಿ ಬಿಡುವ ನಲ್ಲಿ ಒಂದಿಷ್ಟೇ ತಿರುಗಿಸಿ, ಗಾಳಿ ನಿಧಾನ ಇಳಿಯಲಿ. ನಿಧಾನವೇ, ಐರ್ಲೆಂಡಿನ ಗಂಡಸರೇ, ಮೇಲೆ ಬಿಸಿ ಕಾಫಿ ಕಾಯುತ್ತಿರುವಾಗಲೇ! ಅದಕ್ಕೇ ಅವಳು ತನ್ನ ತಾಯಿಯ ಜಪಮಾಲೆಯನ್ನೇ ಇವನ ಜೇಬಿಗೆ ತುರುಕಿದ್ದು, ಗಡಿಯಾರ ನಂಬದವರು ಮಾತೆ ಮರಿಯಮ್ಮನನ್ನಾದರೂ ನಂಬಲಿ, ಐವತ್ತು ಮಣಿ ಮುಗಿಯುವ ತನಕ ನಲ್ಲಿ ಪೂರ್ತಿ ತಿರುಗಿಸಕೂಡದು ಅಂತ ಆಣೆ ಹಾಕಿಸಿದ್ದಳು. ಎಷ್ಟು ಮಣಿ ಆಯ್ತು ಇವತ್ತು. ಪೂರ್ತಿ ಕಣೇ. ನನ್ನ ಮುಖ ನೋಡಿ ಹೇಳು. ಮೂವತ್ತು. ಫಿಂಟನ್. ಹತ್ತು ಕಣೇ, ಹತ್ತಾಗೋವಷ್ಟ್ರಲ್ಲಿ ಯಾರೋ ನಲ್ಲಿ ತಿರುಗಿಸ್ಬಿಟ್ಟ, ಮಾತೆಗೂ ಕಾಫಿ ಆರಿಹೋಗತ್ತೆ ಅಂತ ಎಲ್ರೂ ನಕ್ರು, ನಾನೂ ನಕ್ಕೆ, ಒಬ್ಬನೇ ಮುಖ ಊದಿಸ್ಕೊಂಡ್ ಕೂರಕ್ಕಾಗತ್ತಾ. ಕೂರಬೇಕಿತ್ತು, ಊದಿಸಿಕೊಂಡೇ ಕೂರಬೇಕಿತ್ತು, ಮನೆಯಲ್ಲಿ ನನ್ನೆದುರು ಊದಿಸಲು ಬರುತ್ತದಲ್ಲ.

ಅಣ್ಣ ಮ್ಯಾಲಕಿ ಬಿಯರು ಪೀಪಾಯಿ ಸಾಗಿಸುವ ಗಾಡಿಯಲ್ಲಿ ಇವನಿಗೊಂದು ಜಾಗ ಹಿಡಿದಿಟ್ಟಿದ್ದಾನೆ, ಎರಡು ತಿಂಗಳಿಂದ, ಇವತ್ತು ಸಂಜೆಗೆ ಕಡೆಯ ಮಾತು, ಇಲ್ಲವೆಂದರೆ ಬೇರೆಯವನಿಗೆ. ಎರಡು ತಿಂಗಳಿಂದ ಇವನದು ಒಂದೇ ರಾಗ, ಕುದುರೆ ಲದ್ದಿ ಹಿಂದೆ ನಾನ್ ಹೋಗಲ್ಲ, ನಾಳೆ ನಮ್ ಮೊಮ್ಮಕ್ಳು ಆ ಸೇತುವೆ ಮೇಲೆ ನಡೀವಾಗ ಇದ್ರ ಬುಡ ನಮ್ಮಜ್ಜ ತೋಡಿದ್ದು ಅನ್ಬೇಕು. ಮೊಮ್ಮಕ್ಕಳಂತೆ, ಮಕ್ಕಳೇ ಇನ್ನೂ ಹುಟ್ಟಿಲ್ಲ, ಅಪ್ಪನಾಗುವವನಿಗೆ ಕಾಲು ಬೇಡವೇ. ಕಲ್ಲಿಗೆ ತಲೆ ಚಚ್ಚಿಕೊಂಡರೂ ಇವನಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಬೇಕು, ಹೇಳದಿದ್ದರೆ ನಾನು ನಾನಲ್ಲ — ಮನೆಯ ಬಾಗಿಲು ಬಂತು, ನಾಲ್ಕು ಮಹಡಿ ಹತ್ತಬೇಕು, ಅವಳು ಸೊಂಟಕ್ಕೆ ಕೈಯಿಟ್ಟು, ಉಸಿರು ಎಳೆದುಕೊಂಡು, ಬಾಯಿ ತೆರೆದಳು, ಅಷ್ಟರಲ್ಲಿ ಬೆನ್ನ ಹಿಂದೆ ಅವನೇ, ಸರಿ ಕಣೇ, ನಿಮ್ಮಣ್ಣಂಗ್ ಹೇಳ್ಬಿಡು, ಗಾಡಿ ಹೊಡೀತೀನಿ, ನಾಳೆಯಿಂದ ಕೆಳಗಿಳಿಯಲ್ಲ.

ಗೆದ್ದೆ. ಅಯ್ಯಪ್ಪ, ಕೊನೆಗೂ, ಎರಡು ತಿಂಗಳ ಬಡಿದಾಟ, ಹೋಗಿ ಅಣ್ಣನಿಗೆ ಹೇಳಬೇಕು, ಇವತ್ತು ಮಾಂಸ ಬೇಯಿಸಬೇಕು, ನಾಲ್ಕು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದಳು, ಐದನೆಯದರಲ್ಲಿ ನಿಂತಳು. ಇಷ್ಟು ಸುಲಭಕ್ಕೆ ಒಪ್ಪುವವನಲ್ಲ. ಇವನು ಯಾವತ್ತೂ ಒಪ್ಪಿದವನಲ್ಲ. ತಿರುಗಿ ನೋಡಿದಳು. ಅವನು ಮೊದಲ ಮೆಟ್ಟಿಲ ಕೆಳಗೇ ಇದ್ದಾನೆ, ತಲೆ ತಗ್ಗಿಸಿದ್ದಾನೆ, ಮಂಡಿಯ ಹತ್ತಿರ ಪ್ಯಾಂಟಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಎಡಗಾಲನ್ನು ಎತ್ತಿ ಮೆಟ್ಟಿಲ ಮೇಲೆ ಇಡುತ್ತಿದ್ದಾನೆ, ಬೇರೆಯವರ ಸಾಮಾನು ಇಟ್ಟ ಹಾಗೆ. ಅವಳು ನೋಡಲಿಲ್ಲ ಅಂದುಕೊಂಡು ಮತ್ತೆ ಬಗ್ಗಿದ. ಅಣ್ಣನಿಗೆ ಹೇಳಬೇಕು, ಮಾಂಸ — ಎರಡು ಕೈ, ಬಟ್ಟೆ ಹಿಡಿದು, ಬಲಗಾಲು. ಏನೋ ಹೇಳಬೇಕಿತ್ತು, ಇಷ್ಟು ಹೊತ್ತು ಬಾಯಿ ತುಂಬ ಇತ್ತು — ಎರಡು ಕೈ, ಬಟ್ಟೆ ಹಿಡಿದು, ಎಡಗಾಲು, ಎರಡು ಕೈ